ಹಾಳೂರಿಗೆ ಸುಣ್ಣ

ಮಹಾನಗರಗಳು ಅಳಿಯುವುದು ಯುದ್ಧದಿಂದ, ಬರದಿಂದ, ಇಲ್ಲವೇ ನದಿ ಮುನಿದು ದಿಕ್ಕು ಬದಲಿಸುವುದರಿಂದ ಎಂದು ನಾನು ಮೂವತ್ತೊಂದು ವರ್ಷ ಪಾಠ ಹೇಳಿದ್ದೇನೆ. ನಿವೃತ್ತನಾದ ಮೇಲೆ ತಿಳಿದದ್ದೇ ಬೇರೆ: ಅವು ಅಳಿಯುವುದು ಜನರ ಮಾಳಿಗೆ ಸೋರುವುದರಿಂದ.

ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಗಳು ಈಗಲೂ ಉಳಿದಿವೆ. ಮಳೆಗಾಲಕ್ಕೆ ಮೊದಲು ಅವುಗಳ ಮೇಲೆ ಹೊಸ ಮಣ್ಣು ಹರಡಬೇಕು. ಹೊಲದ ಕರಿಮಣ್ಣು ಇದಕ್ಕೆ ಬಾರದು. ಬಿಸಿಲಿಗೆ ಬಿರಿದು ಕೈ ಹಿಡಿಸುವಷ್ಟು ಸಂದು ಬಿಡುತ್ತದೆ. ಬೇಕಾದದ್ದು ಹಾಳಮಣ್ಣು. ಹಿಂದೆ ಎಂದೋ ಊರಿದ್ದು, ಜನ ಬಿಟ್ಟುಹೋಗಿ, ಗೋಡೆ ಕುಸಿದು, ಬೂದಿ ಕಸ ಎಲ್ಲ ಬೆರೆತು ದಿಬ್ಬವಾದ ಜಾಗಕ್ಕೆ ನಮ್ಮವರು ‘ಹಾಳ’ ಎನ್ನುತ್ತಾರೆ. ಅಲ್ಲಿಯ ಬೂದುಬಣ್ಣದ ನುಣುಪು ಮಣ್ಣನ್ನು ಮಾಳಿಗೆಗೆ ಹಾಕಿ ತುಳಿದರೆ ಹನಿ ನೀರು ಕೆಳಗಿಳಿಯುವುದಿಲ್ಲ. ಆದ್ದರಿಂದ ಬೇಸಿಗೆ ಬಂತೆಂದರೆ ಊರಿನವರೆಲ್ಲ ಸಲಿಕೆ ಬುಟ್ಟಿ ಹಿಡಿದು ಹತ್ತಿರದ ಹಾಳಕ್ಕೆ ಹೋಗುತ್ತಾರೆ. ಯಾವ ಊರು, ಯಾರಿದ್ದರು, ಯಾಕೆ ಹೋದರು ಎಂದು ಕೇಳುವ ಕೆಟ್ಟ ಚಟ ಯಾರಿಗೂ ಇಲ್ಲ.

ನಿಂಬರ್ಗಾದಲ್ಲಿ ನನ್ನ ಅಪ್ಪ ವರ್ಷವೂ ನಾಲ್ಕು ಬಂಡಿ ಹಾಳಮಣ್ಣು ತರುತ್ತಿದ್ದರು. ಅದರ ಜೊತೆ ಕರಿ-ಕೆಂಪು ಮಡಕೆಯ ಚೂರು, ಶಂಖದ ಬಳೆಯ ತುಂಡು, ತೂತಿದ್ದ ಸಣ್ಣ ಮಣಿಗಳು ಬರುತ್ತಿದ್ದವು. ಅವ್ವ ಅವನ್ನೆಲ್ಲ ಆರಿಸಿ ತಿಪ್ಪೆಗೆ ಎಸೆಯುತ್ತಿದ್ದಳು. ಹೀಗೆ ಒಂದು ಪ್ರಾಚೀನ ನಗರದ ಕೆಳಗೆ ಹದಿನೇಳು ವರ್ಷ ಮಲಗಿ ಎದ್ದ ನಾನು, ಪ್ರಾಚೀನ ನಗರಗಳೆಂದರೆ ಏನು ಎಂದು ತಿಳಿಯಲು ಕಲಬುರಗಿಯ ಕಾಲೇಜಿಗೆ ಹೋದೆ.

ಆಮೇಲೆ ಮಾದನಹಿಪ್ಪರಗಾದಲ್ಲಿ ಮಾಸ್ತರನಾದೆ. ಹರಪ್ಪಾದ ಇಟ್ಟಿಗೆಗಳನ್ನು ರೈಲು ಹಳಿಯ ಕೆಳಗೆ ಸುರಿದರು ಎಂಬ ಸಾಲು ಬಂದಾಗಲೆಲ್ಲ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಐದು ನಿಮಿಷ ಬ್ರಿಟಿಷರನ್ನು ಬೈಯುತ್ತಿದ್ದೆ. ಮಕ್ಕಳು ಬಹಳ ಗಂಭೀರವಾಗಿ ಕೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರಲ್ಲಿ ಅರ್ಧ ಜನ ಮನೆಗೆ ಹೋಗಿ ಹಾಳಮಣ್ಣಿನ ಬುಟ್ಟಿ ಹೊರುತ್ತಿದ್ದರು. ನಾನೂ ಅವರನ್ನು ದಾರಿಯಲ್ಲಿ ಕಂಡು ‘ಸೊಂಟ ಹುಷಾರ್ ಲೇ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ.

ಬುದ್ಧಿ ಬಂದದ್ದು ಪಿಂಚಣಿಯ ಜೊತೆಗೆ. ಆಳಂದದಲ್ಲಿ ಮನೆ ಮಾಡಿಕೊಂಡು ಸುಮ್ಮನಿದ್ದೆ. ಅಫಜಲಪುರದ ಆಚೆ, ಭೀಮಾ ನದಿಯ ದಂಡೆಯ ಹಳ್ಳಿಯೊಂದಕ್ಕೆ ಬೀಗರ ಮನೆಗೆ ಹೋದಾಗ ಒಂದು ದಿಬ್ಬ ಕಂಡಿತು. ವರ್ಷಾನುವರ್ಷ ಜನ ಮಣ್ಣು ಕಡಿದು ಕಡಿದು ಅದರ ಒಂದು ಮಗ್ಗಲು ಎರಡಾಳೆತ್ತರದ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಆ ಗೋಡೆಯಲ್ಲಿ ಇಡೀ ಊರು ಪದರು ಪದರಾಗಿ ಕಾಣುತ್ತಿತ್ತು: ಕೆಳಗೆ ಬೂದಿ, ಅದರ ಮೇಲೆ ತುಳಿದು ಗಟ್ಟಿಯಾದ ನೆಲ, ಸುಟ್ಟ ಕಾಳಿನ ಕಪ್ಪು ಗೆರೆ, ಅದರ ಮೇಲೆ ಮೊಳದುದ್ದದ ಇಟ್ಟಿಗೆಗಳ ಏಳು ಸಾಲು, ಪಕ್ಕದಲ್ಲಿ ಒಂದರ ಮೇಲೊಂದು ಕೂರಿಸಿದ ಸುಟ್ಟಮಣ್ಣಿನ ದೊಡ್ಡ ದೊಡ್ಡ ಬಳೆಗಳ ಹಾಳುಬಾವಿ. ಜೀವಮಾನವಿಡೀ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಚಿತ್ರ ಎದುರಿಗೇ ನಿಂತಿತ್ತು. ನಾನು ಅಲ್ಲೇ ಕುಳಿತುಬಿಟ್ಟೆ.

ಹೊಲದ ಮಾಲೀಕರು ಬಂದರು. ನನ್ನ ವಯಸ್ಸಿನವರೇ. ಊರಿಗೆಲ್ಲ ಚಾಚಾ, ಅವರ ಹೆಂಡತಿ ಎಲ್ಲರಿಗೂ ಚಾಚಿ.

‘ಇದನ್ನ ನೋಡಿ ಕಣ್ಣಾಗ ನೀರ ತಂದವರು ನೀವ ಮೊದಲಿಗರ ನೋಡ್ರಿ ಮಾಸ್ತರ್ರ,’ ಎಂದರು ಚಾಚಾ. ‘ಇಲ್ಲಿ ತನಕ ಬುಟ್ಟಿ ತಂದವರೇ ಬಂದಾರ.’

ಅವರ ಯೋಚನೆ ಸರಳವಾಗಿತ್ತು. ದಿಬ್ಬವನ್ನು ಕಡಿಸಿ, ಸಮ ಮಾಡಿ, ತೊಗರಿ ಹಾಕುವುದು. ನಾನು ಕೈ ಮುಗಿದೆ. ಸರಕಾರದ ಪುರಾತತ್ವದವರು ಒಮ್ಮೆ ಬಂದು ನೋಡಿ ಪಟ್ಟಿಗೆ ಸೇರಿಸಿದರೆ ಈ ಊರು ಉಳಿಯುತ್ತದೆ, ಅಲ್ಲಿಯ ತನಕ ತಡೆಯಿರಿ ಎಂದೆ. ಅವರು ಗಡ್ಡ ಕೆರೆದುಕೊಂಡು ಲೆಕ್ಕ ಹಾಕಿದರು.

‘ಬರೂ ವರ್ಷದ ಮಿರಗ ಮಳಿ ತನಕ ತಡೀತೇನಿ. ಅಷ್ಟರಾಗ ಸರ್ಕಾರದವರು ಇದು ನಮ್ದು ಅಂದ್ರ ಬಿಡ್ತೇನಿ. ಅನ್ನಲಿಲ್ಲಂದ್ರ ಟ್ರ್ಯಾಕ್ಟರ್ ತರ್ತೇನಿ. ಆಮ್ಯಾಲ ಅಳಬಾರ್ದ್ ಮತ್ತ. ಮಾತಂದ್ರ ಮಾತು, ಜಬಾನ್ ಅಂದ್ರ ಜಬಾನ್.’

ಹೀಗೆ ಜೂನ್ ಮೊದಲ ವಾರದ ಮೃಗಶಿರಾ ಮಳೆ ಆ ನಗರದ ಎರಡನೆಯ ಪತನಕ್ಕೆ ಗೊತ್ತಾದ ಮುಹೂರ್ತವಾಯಿತು. ನನ್ನ ಕೈಯಲ್ಲಿ ಹತ್ತು ತಿಂಗಳಿದ್ದವು.

ಆ ಹತ್ತು ತಿಂಗಳಲ್ಲಿ ಎಂಟನ್ನು ನಾನು ಬಸ್ಸಿನಲ್ಲಿ ಕಳೆದೆ. ದಿಬ್ಬದ ಮುಖ್ಯ ಭಾಗ ಅಫಜಲಪುರ ತಾಲೂಕಿನಲ್ಲಿತ್ತು; ಬಾಲ ಮಾತ್ರ ಜೇವರ್ಗಿಯ ಸರಹದ್ದಿನಲ್ಲಿತ್ತು. ಊರು ಕಟ್ಟಿದವರಿಗೆ ತಾಲೂಕುಗಳ ಬಗ್ಗೆ ಮುಂದಾಲೋಚನೆ ಇರಲಿಲ್ಲ. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ಜೇವರ್ಗಿಯಿಂದ ‘ಇದು ಅಲ್ಲಿಯದು’ ಎಂದು ತಿರುಗಿ ಅಫಜಲಪುರ. ಕಂಡಕ್ಟರುಗಳು ನನ್ನನ್ನು ಕಂಡರೆ ಕೇಳದೆಯೇ ಟಿಕೆಟ್ ಹರಿಯುವಂತಾದರು. ಒಂದು ಕಚೇರಿಯಲ್ಲಿ ಗುಮಾಸ್ತನೊಬ್ಬ ನನ್ನ ಅರ್ಜಿಯನ್ನು ಬಹಳ ಶ್ರದ್ಧೆಯಿಂದ ಓದಿದ. ನನ್ನ ಮಗನ ವಯಸ್ಸಿನವನು, ಒಳ್ಳೆಯವನೇ.

‘ಊರ ಹೆಸರು ಬರದಿಲ್ರಿ ಸರ?’

‘ಗೊತ್ತಿಲ್ಲಪಾ. ಎರಡ ಸಾವಿರ ವರ್ಷದ ಹಿಂದ ಬಿಟ್ಟ ಹೋಗ್ಯಾರ.’

‘ಯಾರು?’

‘ಇದ್ದವರು.’

‘ಈಗೆಲ್ಲಿ ಅರ ಅವರು?’

ಅರ್ಜಿಯಲ್ಲಿ ‘ಹಾಲಿ ವಾಸ’ ಎಂಬ ಮನೆ ಖಾಲಿ ಇತ್ತು, ಅದನ್ನು ತುಂಬಬೇಕಾಗಿತ್ತು. ಕೊನೆಗೆ ಅವನೇ ನಿಟ್ಟುಸಿರು ಬಿಟ್ಟು ‘ಸದರಿಯವರು ಊರಿನಲ್ಲಿ ಇರುವುದಿಲ್ಲ’ ಎಂದು ಬರೆದ. ಆ ನಾಗರಿಕತೆಯ ಬಗ್ಗೆ ಸರಕಾರಿ ದಾಖಲೆಯಲ್ಲಿ ಸೇರಿದ ಮೊದಲ ಸತ್ಯ ಅದೇ.

ಏಪ್ರಿಲ್‌ನಲ್ಲಿ ಪುರಾತತ್ವದ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ನಾನು ಕಳಿಸಿದ ಫೋಟೋ ಮಸುಕಾಗಿದೆ, ಆದರೂ ಆ ಗೋಡೆ ತನಗೆ ಬಹಳ ಮುಖ್ಯ ಅನ್ನಿಸುತ್ತಿದೆ ಎಂದರು. ‘ಆ ಪದರುಗಳು ಹಾಗೇ ಕಾಣಬೇಕು ಸರ್. ಅವನ್ನು ಕಣ್ಣಾರೆ ನೋಡಿದರೆ ನಾನು ಶಿಫಾರಸು ಬರೆಯಬಲ್ಲೆ. ಮೇ ಎರಡನೆಯ ವಾರ ಬರುತ್ತೇನೆ.’ ಫೋನ್ ಇಟ್ಟವನೇ ಮನೆಯಾಕೆಗೆ ಸಿಹಿಗೆಂದು ಸಜ್ಜಕ ಮಾಡಲು ಹೇಳಿದೆ.

ಆದರೆ ಫೋನ್ ಬಂದ ವಾರವೇ ಗಾಳಿ ಎದ್ದು ಅಡ್ಡಮಳೆ ಹೊಡೆಯಿತು. ಗೋಡೆಯ ಒಂದು ಮೂಲೆ ಉದುರಿದೆ ಎಂದು ಚಾಚಾ ತಿಳಿಸಿದರು. ನನಗೆ ನಿದ್ದೆ ಹಾರಿತು. ದಿನಕ್ಕೆರಡು ಸಲ ಫೋನ್ ಮಾಡತೊಡಗಿದೆ. ಒಮ್ಮೆ ಚಾಚಾ, ಒಮ್ಮೆ ಚಾಚಿ ಎತ್ತುತ್ತಿದ್ದರು. ಯಾರು ಎತ್ತಿದರೂ ನನ್ನದು ಒಂದೇ ಪಲ್ಲವಿ.

‘ಹೆಂಗ ಅದ ಗ್ವಾಡಿ? ಇನ್ನ ಒಂದ್ ಹಿಡಿ ಮಣ್ಣ ಉದರಬಾರ್ದ ನೋಡ್ರಿ. ಮ್ಯಾಡಂ ಬಂದ ನೋಡೂ ತನಕ ಗಟ್ಟಿ ನಿಂದರಬೇಕು. ಮುಂದಿನ ಜಾಲಿ ಕಡಸ್ರಿ, ಗ್ವಾಡಿ ತನಕ ದಾರಿ ಆಗಲಿ.’

‘ಆತ್ರಿ,’ ಎನ್ನುತ್ತಿದ್ದರು ಚಾಚಿ. ‘ನೀವ ಚಿಂತಿ ಬಿಡ್ರಿ. ನಾ ಜಿಮ್ಮೇದಾರಿ.’

ಒಬ್ಬ ನಿವೃತ್ತ ಮಾಸ್ತರ ಇಷ್ಟು ಸಲ ಹೇಳಿದ ಮೇಲೆ ಪಾಠ ಯಾರ ತಲೆಗೂ ಹೋಗದೆ ಇರುವುದಿಲ್ಲ. ನನ್ನ ವೃತ್ತಿಜೀವನದಲ್ಲಿ ಇಷ್ಟು ಚೆನ್ನಾಗಿ ಪಾಠ ಕಲಿತ ವಿದ್ಯಾರ್ಥಿನಿ ಇನ್ನೊಬ್ಬಳಿಲ್ಲ.

ಗೊತ್ತಾದ ದಿನ ಬೆಳಿಗ್ಗೆ ಅಧಿಕಾರಿಯ ಜೀಪಿನಲ್ಲಿ ನಾನೂ ಕುಳಿತೆ. ದಾರಿಯುದ್ದಕ್ಕೂ ಇಟ್ಟಿಗೆಯ ಅಳತೆ, ಬಾವಿಯ ಬಳೆ, ಸುಟ್ಟ ಕಾಳು ಎಂದು ಉಪನ್ಯಾಸ ಕೊಟ್ಟೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಹೊಲದ ದಾರಿ ತಿರುಗಿದಾಗ ದೂರದಲ್ಲಿ ಏನೋ ಬೆಳ್ಳಗೆ ಹೊಳೆಯಿತು. ‘ಅಲ್ಲಿ ದರ್ಗಾ ಇದೆಯಾ ಸರ್?’ ಎಂದು ಅವರು ಕೇಳಿದರು. ಇಲ್ಲ ಎಂದೆ.

ಗೋಡೆಗೆ ಸುಣ್ಣ ಬಳಿದಿದ್ದರು.

ಬರಿಯ ಸುಣ್ಣವಲ್ಲ. ಮೊದಲು ಮಣ್ಣು-ಸಗಣಿ-ಹೊಟ್ಟು ಕಲಸಿ, ಮೇಲಿಂದ ಕೆಳಗಿನವರೆಗೆ ನಾಲ್ಕು ಬೆರಳು ದಪ್ಪ ಮೆತ್ತಿ, ನುಣ್ಣಗೆ ಸಾರಿಸಿ, ಒಣಗಿದ ಮೇಲೆ ಸುಣ್ಣ ಹೊಡೆದು, ಬುಡಕ್ಕೆ ಗೇಣಗಲದ ಕೆಮ್ಮಣ್ಣಿನ ಅಂಚು ಎಳೆದಿದ್ದರು. ಬೂದಿ, ನೆಲ, ಸುಟ್ಟ ಕಾಳು, ಇಟ್ಟಿಗೆ, ಬಾವಿ, ಎಲ್ಲ ಅದರ ಹಿಂದೆ. ಮುಂದೆ ಜಾಲಿ ಕಡಿದು ಅಂಗಳ ಮಾಡಿ ನೀರು ಚಿಮುಕಿಸಿದ್ದರು. ಚಾಚಿ ಮತ್ತು ಓಣಿಯ ಇಬ್ಬರು ಹೆಣ್ಣುಮಕ್ಕಳು ಮೊಳಕೈವರೆಗೆ ಸುಣ್ಣ ಮೆತ್ತಿಕೊಂಡು, ಮದುವೆ ಮನೆಯವರ ಸಂಭ್ರಮದಲ್ಲಿ ನಿಂತಿದ್ದರು.

‘ಬರ್ರಿ ಮ್ಯಾಡಂ, ಕೂಡ್ರಿ. ಬಿಸಲಾಗ ಬಂದೀರಿ,’ ಎಂದು ಚಾಚಿ ಅಧಿಕಾರಿಯ ಕೈ ಹಿಡಿದರು.

ನಾನು ಗೋಡೆಯತ್ತ ಕೈ ತೋರಿಸಿದೆ. ‘ಚಾಚಿ, ಗ್ವಾಡಿ...’

‘ಹೆಂಗಾಗ್ಯದ್ರಿ? ನಾಕ ದಿನ ಆತ ಸಾರಸಾಕತ್ತು. ನೀವ ಉದರಬಾರ್ದು, ಉದರಬಾರ್ದು ಅಂತ ದಿನಾ ಜೀವಾ ತಿಂದ್ರಿ. ಈಗ ಒಂದ್ ಹಿಡಿ ಬ್ಯಾಡ, ಒಂದ್ ಚಿಟಕಿ ಉದುರಿದ್ರ ನನ್ನ ಕೇಳ್ರಿ! ಮತ್ತ ದೊಡ್ಡ ಮಂದಿ ಬರೂ ಹೊತ್ತಿನಾಗ ಹರಕ ಗ್ವಾಡಿ ತೋರಸ್ತಾರೇನ್ರಿ? ನಮಗ ಮಾನ ಇಲ್ಲೇನು?’

‘ಮೆತ್ತಾಕ ಮಣ್ಣ ಎಲ್ಲಿಂದ ತಂದ್ರಿ?’

‘ದಿಬ್ಬದ ನೆತ್ತಿ ಮ್ಯಾಲಿಂದ. ಹಾಳಮಣ್ಣಿಗಿಂತ ಛಲೋ ಮಣ್ಣ ಎಲ್ಲಿ ಸಿಗತದ್ರಿ? ಮಾಸ್ತರ ಇದ್ದು ಇಷ್ಟೂ ತಿಳಿಯಂಗಿಲ್ಲೇನು?’

ಅಧಿಕಾರಿ ಹಾಸಿದ್ದ ಜಮಖಾನೆಯ ಮೇಲೆ ಕುಳಿತರು. ಕುಳಿತ ಮೇಲೆ ತಾವು ಎಲ್ಲಿ ಕುಳಿತಿದ್ದೇವೆ ಎಂದು ಜಮಖಾನೆಯ ಅಂಚು ಎತ್ತಿ ನೋಡಿದರು. ಮೊಳದುದ್ದದ ಇಟ್ಟಿಗೆಗಳ ಹೊಸ ಕಟ್ಟೆ. ಗೋಡೆಯಲ್ಲಿ ಸಡಿಲಾಗಿ ಅಲುಗಾಡುತ್ತಿದ್ದ ಇಟ್ಟಿಗೆಗಳು ಬಿದ್ದು ಯಾರ ತಲೆಯಾದರೂ ಒಡೆದಾವೆಂದು ಚಾಚಾ ಅವನ್ನೆಲ್ಲ ಜೋಪಾನವಾಗಿ ಕಿತ್ತು, ಮೇಡಮ್ಮಿಗೆ ಕೂರಲು ಅನುಕೂಲ ಮಾಡಿದ್ದರು. ಒಂದೂ ಒಡೆದಿರಲಿಲ್ಲ. ಅದನ್ನು ಅವರು ಎರಡು ಸಲ ಹೇಳಿದರು.

ಚಹಾ ಕುಡಿದ ಮೇಲೆ ಅಧಿಕಾರಿ ಚೀಲದಿಂದ ಸಣ್ಣ ಕರಣಿ ತೆಗೆದು ಗೋಡೆಯ ಒಂದು ಮೂಲೆ ಕೆರೆದರು. ಗಿಲಾವು ಒಂದು ಹಾಳೆಯಾಗಿ ಎದ್ದು ಬಂತು, ಬರುವಾಗ ಹಳೆಯ ಮುಖವನ್ನೂ ಹಿಡಿದುಕೊಂಡೇ ಬಂತು. ಅದೇ ಮಣ್ಣು, ಅದೇ ಬಣ್ಣ, ಅದೇ ಮಡಕೆ ಚೂರು. ಹೊಸದು ಎಲ್ಲಿ ಮುಗಿಯಿತು, ಹಳೆಯದು ಎಲ್ಲಿ ಶುರುವಾಯಿತು ಎಂದು ಹೇಳಲು ಸಾಧ್ಯವಿರಲಿಲ್ಲ. ಚಾಚಿಯ ಕೆಲಸ ಅಷ್ಟು ಅಚ್ಚುಕಟ್ಟು. ಇನ್ನೂ ಎರಡು ಕಡೆ ಕೆರೆದು ನೋಡಿ ಅವರು ಕರಣಿ ಒರೆಸಿ ಒಳಗಿಟ್ಟರು.

‘ಇಟ್ಟಿಗೆಗಳು ಹಳೆಯವೇ ಸರ್,’ ಎಂದರು ಜೀಪಿನ ಹತ್ತಿರ ಬಂದು, ಮೆಲ್ಲಗೆ. ‘ಆದರೆ ಈಗ ಅವು ಕಟ್ಟೆಯ ಇಟ್ಟಿಗೆಗಳು. ಎಲ್ಲಿದ್ದವು, ಯಾವ ಪದರಿನಲ್ಲಿದ್ದವು ಅಂತ ನಾನು ಹೇಗೆ ಬರೆಯಲಿ? ಹೊಸದಾಗಿ ಕಡಿದು ನೋಡಬೇಕು. ಅದಕ್ಕೆ ಬೇರೆ ಅನುಮತಿ ಬೇಕು, ಮಳೆಗಾಲದೊಳಗೆ ಆಗುವ ಮಾತಲ್ಲ.’

‘ನನ್ನ ಫೋಟೋ?’

‘ಅದರಲ್ಲಿ ನಿಮ್ಮ ಹೆಬ್ಬೆರಳು ಚೆನ್ನಾಗಿ ಬಂದಿದೆ.’

ಯಾರನ್ನು ಬೈಯಲಿ? ಬ್ರಿಟಿಷರು ಹತ್ತಿರದಲ್ಲಿ ಇರಲಿಲ್ಲ. ಚಾಚಿ ನಾಲ್ಕು ದಿನ ಹೊಲದ ಕೆಲಸ ಬಿಟ್ಟು ಬಿಸಿಲಲ್ಲಿ ನಿಂತು ನನ್ನ ಮಾತು ಉಳಿಸಿದ್ದರು. ಸುಣ್ಣಕ್ಕೆ ಸುಟ್ಟ ಕೈಗೆ ಎಣ್ಣೆ ಸವರಿಕೊಳ್ಳುತ್ತ ‘ಮ್ಯಾಡಂಗ ಪಸಂದ ಆತೇನ್ರಿ?’ ಎಂದು ಕೇಳಿದರು. ‘ಭಾಳ’ ಎಂದೆ. ಇಂಥ ಸುಳ್ಳನ್ನು ಹಲ್ಲು ಕಚ್ಚಿಯೇ ಹೇಳಬೇಕಾಗುತ್ತದೆ.

ಆಳಂದದ ಬಸ್ ಸ್ಟ್ಯಾಂಡಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಚಹಾದಂಗಡಿಯವನು ಗ್ಲಾಸು ಮುಂದಿಡುತ್ತ, ‘ನಿಮ್ಮ ಹಾಳೂರಿಗೆ ಪೇಂಟಿಂಗ್ ಆತಂತಲ್ರಿ ಸರ? ಗೃಹಪ್ರವೇಶ ಯಾವಾಗ?’ ಎಂದ. ಪಕ್ಕದ ಬೆಂಚಿನವರು ನಕ್ಕರು. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮೇ ಕೊನೆಗೆ ಮತ್ತೆ ದಿಬ್ಬಕ್ಕೆ ಹೋದೆ. ಚಾಚಾ ಆ ಕಟ್ಟೆಯ ಮೇಲೆಯೇ ಕುಳಿತಿದ್ದರು.

‘ಇನ್ನೊಂದ ವರ್ಷ ತಡೀರಿ ಚಾಚಾ. ಮ್ಯಾಡಂ ಅನುಮತಿಗೆ ಬರದಾರ.’

‘ಮಾಸ್ತರ್ರ, ನಾ ಜಬಾನ್ ಕೊಟ್ಟಿದ್ದೆ, ಅದರಂಗ ನಡದೇನಿ. ಒಂದ್ ಬುಟ್ಟಿ ಯಾರಿಗೂ ಒಯ್ಯಾಕ ಬಿಟ್ಟಿಲ್ಲ. ನಮ್ಮ ಅಣ್ಣ ಕೇಳಿದ್ರೂ ಬಿಟ್ಟಿಲ್ಲ, ಇನ್ನೂ ಮಾತಾಡ್ಸಂಗಿಲ್ಲ ಅವ. ನೀವೂ ಜಬಾನ್ ಕೊಟ್ಟಿದ್ರಿ.’

‘ಏನಂತ?’

‘ಅಳಂಗಿಲ್ಲ ಅಂತ.’

ನಾನು ಹಾಗೆ ಹೇಳಿದ ನೆನಪಿರಲಿಲ್ಲ. ಅವರೇ ಹೇಳಿದ್ದರು, ನಾನು ಬೇಡವೆಂದಿರಲಿಲ್ಲ, ಅಷ್ಟೇ. ನಮ್ಮ ಕಡೆ ಅದು ಒಪ್ಪಿಗೆಯೇ. ವಾದಿಸಲು ಬಾಯಿ ತೆರೆದೆ. ಅವರು ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟರು. ಕುಡಿದು, ಸಂಜೆಯ ಬಸ್ಸು ಹಿಡಿದೆ.

ಮೃಗಶಿರಾ ಮಳೆ ಶುರುವಾಗುವ ದಿನವೇ ಟ್ರ್ಯಾಕ್ಟರ್ ಬಂತು. ನಾಲ್ಕು ದಿನದಲ್ಲಿ ದಿಬ್ಬ ಸಮವಾಯಿತು. ಅಗೆಯಲು ಅನುಮತಿ ನವೆಂಬರಿನಲ್ಲಿ ಬಂತು; ಆಗ ಅಲ್ಲಿ ತೊಗರಿ ಹೂ ಬಿಟ್ಟಿತ್ತು.