ಎಂಟು ದಿನದ ಮಗುವಿನ ನ್ಯುಮೋನಿಯಾ, ನಮ್ಮಮ್ಮನ ಮಡಿ

ಹುಟ್ಟಿ ಎಂಟನೇ ದಿನ ನನ್ನ ಮಗ ಹಾಲು ಕುಡಿಯೋದನ್ನು ನಿಲ್ಲಿಸಿಬಿಟ್ಟ.

ಅರವತ್ತರ ದಶಕದ ಶುರು. ಚೊಚ್ಚಲ ಬಾಣಂತನಕ್ಕೆ ಜಯನಗರದ ತವರಿಗೆ ಬಂದಿದ್ದೆ. ಈಗ ಆ ರೋಡಿನಲ್ಲಿ ಕಾರ್ ನಿಲ್ಲಿಸೋಕೂ ಜಾಗ ಇಲ್ಲ, ಆಗ ಮನೆ ಹಿಂದೆ ಬರೀ ರಾಗಿ ಹೊಲ.

ಬಾಣಂತನದಲ್ಲಿ ನಮ್ಮಮ್ಮನನ್ನು ಮೀರಿಸೋರು ಇರಲಿಲ್ಲ. ದಿನಾ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯೋದು, ಆಮೇಲೆ ಸಾಂಬ್ರಾಣಿ ಹೊಗೆ. ಎರೆಯೋ ಮುಂಚೆ ಮೂಗಿಗೆ ಎರಡು ಹನಿ ಎಣ್ಣೆ, ಉಸಿರು ಸಲೀಸಾಗಲಿ ಅಂತ.

ಆವತ್ತು ನೋಡ್ತೀನಿ... ಮಗುವಿನ ಉಸಿರು ಒಂದೇ ಸಮ ಓಡ್ತಿದೆ. ಪಕ್ಕೆ ಒಳಕ್ಕೆ ಸೆಳೀತಿದೆ, ಮೈ ತಣ್ಣಗಿದೆ.

ಪುರುಡು ಇನ್ನೂ ಕಳೆದಿರಲಿಲ್ಲ, ಹೊರಗಿನವರು ನಮ್ಮನ್ನು ಮುಟ್ಟೋ ಹಾಗಿರಲಿಲ್ಲ. ಅಪ್ಪ ಯಾರನ್ನೂ ಕೇಳದೆ ಬಸವನಗುಡಿಗೆ ಸೈಕಲ್ ತುಳಿದು ಲೇಡಿ ಡಾಕ್ಟರನ್ನು ಕರೆತಂದರು.

ಅವರು ವಾಚ್ ನೋಡಿಕೊಂಡು ಮಗುವಿನ ಉಸಿರು ಎಣಿಸಿದರು. ನ್ಯುಮೋನಿಯಾ ಅಂದರು. ಏನೇನು ಮಾಡ್ತಿದ್ದೀರಿ ಅಂತ ಕೇಳಿದ್ದಕ್ಕೆ ಅಮ್ಮ ಹೆಮ್ಮೆಯಿಂದಲೇ ಎಲ್ಲಾ ಹೇಳಿದಳು.

"ಎಣ್ಣೆ ಉಸಿರಿನ ಜೊತೆ ಎದೆಗೆ ಇಳಿದಿರ್ಬೋದಮ್ಮ. ಇನ್ಮೇಲೆ ಎಣ್ಣೆನೂ ಬೇಡ, ಹೊಗೆನೂ ಬೇಡ."

ಅಮ್ಮ ಎಣ್ಣೆ ಬಟ್ಟಲು ಎತ್ತಿ ಒಳಗಿಟ್ಟಳು.

ಬೆಳಿಗ್ಗೆ, ಸಂಜೆ ಪೆನಿಸಿಲಿನ್ ಇಂಜೆಕ್ಷನ್. ಉಸಿರು ಇನ್ನೂ ಜೋರಾದರೆ ಸೀದಾ ಆಸ್ಪತ್ರೆ ಅಂದಿದ್ದರು ಡಾಕ್ಟರ್. ಇಂಜೆಕ್ಷನ್ ಕೊಡೋಕೆ ಬಂದ ಅವರ ಕಾಂಪೌಂಡರ್, ಗಾಜಿನ ಸಿರಿಂಜ್ ಚೆನ್ನಾಗಿ ಕುದಿಸಬೇಕು, ಆಮೇಲೆ ಯಾರೂ ಮುಟ್ಟಬಾರದು ಅಂದ.

ಮುಟ್ಟಬಾರದು ಅನ್ನೋದನ್ನು ನಮ್ಮಮ್ಮನಿಗೆ ಹೇಳಿಕೊಡಬೇಕೇ?

ಸ್ನಾನ ಮಾಡಿ, ಮಡಿಯುಟ್ಟು, ಬೇರೆ ಪಾತ್ರೆಯನ್ನೇ ಇಟ್ಟು ಸಿರಿಂಜ್ ಕುದಿಸೋಳು. ಕಾಂಪೌಂಡರ್ ಸೈಕಲ್ ನಿಲ್ಲಿಸಿ ಒಳಗೆ ಬಂದರೆ "ಮೊದ್ಲು ಸೋಪ್ ಹಾಕಿ ಕೈ ತೊಳ್ಕೊಳಪ್ಪ" ಅಂತ ಅವನನ್ನೇ ಬಚ್ಚಲಿಗೆ ಕಳಿಸೋಳು. ಮಗು ನೋಡೋಕೆ ಬಂದ ಚಿಕ್ಕಮ್ಮ ಒಂದು ಸಲ ಕೆಮ್ಮಿದಳು ಅಂತ ಹೊಸಿಲಿಂದಲೇ ವಾಪಸ್ ಕಳಿಸಿದಳು, ವರ್ಷಗಟ್ಟಲೆ ಮಾತು ಬಿಟ್ಟಿದ್ದರು ಇಬ್ಬರೂ.

ನಾನು ಹಾಲು ಹಿಂಡಿ ಕೊಡ್ತಿದ್ದೆ. ಅಮ್ಮ ಬೆಳ್ಳಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಮಗುವಿನ ಬಾಯಿಗೆ ಬಿಡ್ತಿದ್ದಳು. ಒಂದೊಂದು ಗುಟುಕಿಗೂ ನನ್ನ ಜೀವ ಹೋಗಿ ಬರ್ತಿತ್ತು.

ಇಂಜೆಕ್ಷನ್ ಶುರುವಾದ ನಾಲ್ಕನೇ ದಿನ ಬೆಳಿಗ್ಗೆ ಮಗು ತಾನೇ ಹುಡುಕಿಕೊಂಡು ಮೊಲೆ ಹಿಡಿಯಿತು. ನಾನು ಅತ್ತುಬಿಟ್ಟೆ. ಅಪ್ಪ ಬಾಗಿಲಾಚೆ ನಿಂತು "ಏನಾಯ್ತು, ಏನಾಯ್ತು" ಅಂತ ಗಾಬರಿಯಾದರು.

ಆ ಮಗುವಿಗೆ ಈಗ ಅರವತ್ತು ದಾಟಿದೆ, ಮೊಮ್ಮಗಳಿಗೆ ಸೈಕಲ್ ಕಲಿಸ್ತಾನೆ. ಆದರೆ ಆ ಬೆಳಿಗ್ಗೆ ಅಂದರೆ ನನಗೆ ಮೊದಲು ನೆನಪಾಗೋದು ಅಮ್ಮನೇ.

ಅವಳು ಗೋಡೆಗೊರಗಿ ಕೂತಿದ್ದಳು. ನನಗಿಂತ ಮುಂಚೆ ಎರಡು ಮಕ್ಕಳು ಹುಟ್ಟಿ, ಹದಿನೈದು ದಿನದೊಳಗೇ ಹೋಗಿದ್ದವು. ದೇವರು ಕರೆದುಕೊಂಡ ಅಂತಷ್ಟೇ ಮನೆಯಲ್ಲಿ ಹೇಳ್ತಿದ್ದದ್ದು.

"ಅವಕ್ಕೂ ಹೀಗೇ ಪಕ್ಕೆ ಸೆಳೀತಿತ್ತು ಕಣೇ," ಅಂದಳು ಮೆಲ್ಲಗೆ. "ಅವಕ್ಕೂ ನಾನೇ ಎಣ್ಣೆ ಬಿಡ್ತಿದ್ದೆ."

ನಾನು ಮಗುವಿನ ಮುಖ ನೋಡ್ತಾ ಸುಮ್ಮನಿದ್ದುಬಿಟ್ಟೆ. ಆಮೇಲೂ ಆ ಮಾತು ಎತ್ತಲಿಲ್ಲ, ಅಮ್ಮ ಹೋಗೇಬಿಟ್ಟಳು...

ನೀವಾಗಿದ್ದರೆ ಅವಳಿಗೆ ಏನು ಹೇಳ್ತಿದ್ದಿರಿ?