ನನ್ನ ಪ್ರೋಗ್ರಾಂಗೆ ಯಾರ ಅನುಮತಿ?

ಗೆಳೆಯರೇ, ಇವತ್ತು ಕಾಕ್ಕನಾಡ್‌ನ ನಮ್ಮ ಆಫೀಸಿನಲ್ಲಿ ನಡೆದದ್ದು ನನಗಿನ್ನೂ ಅರ್ಥವಾಗಿಲ್ಲ. ನಿಮಗಾದರೂ ಅರ್ಥವಾದರೆ ಹೇಳಿ.

ಕನ್ನಡ, ಮಲಯಾಳಂ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಅಡ್ಡಹೆಸರಿನಲ್ಲಿ ಓಪನ್ ಸೋರ್ಸ್ ಮಾಡಿದ್ದೆ. ನಮ್ಮ ಕಂಪನಿಯದೇ ಇನ್ನೊಂದು ತಂಡ ಅದನ್ನು ಬಳಸುತ್ತಿದೆಯಂತೆ. ಸಾಫ್ಟ್‌ವೇರ್ ಲೈಸೆನ್ಸ್ ನೋಡಿಕೊಳ್ಳುವ ಬಿಂದು ಚೇಚಿ (ಇಲ್ಲಿ ಮಲಯಾಳಂನಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ) ಕರೆದಾಗಲೇ ನನಗೆ ಗೊತ್ತಾದದ್ದು.

"ಇದನ್ನು ಬರೆದವರು ಯಾರೋ ಕನ್ನಡದವರು, ಲೈಸೆನ್ಸ್ ಹಾಕುವುದನ್ನೇ ಮರೆತಿದ್ದಾರೆ. ನೀನೇ ಒಂದು ಮೇಲ್ ಹಾಕಿ ಅನುಮತಿ ಕೇಳು."

"ಚೇಚಿ, ಅದು ನಾನೇ."

ಖುಷಿಪಡುತ್ತಾರೆ ಅಂದುಕೊಂಡೆ. ಅವರು ಗಾಬರಿಯಾದರು. "ಅಯ್ಯೋ ಮೋನೇ! ಆಫೀಸಿನ ಸಮಯದಲ್ಲಿ ಬರೆದದ್ದಾ, ಮನೆಯಲ್ಲಿ ಬರೆದದ್ದಾ?"

"ಕಂಪನಿ ಕ್ಯಾಬ್‌ನಲ್ಲಿ, ಟ್ರಾಫಿಕ್‌ನಲ್ಲಿ ಕೂತು."

ಕ್ಯಾಬು ಮನೆಯೋ ಆಫೀಸೋ ಎಂದು ನಿಯಮದಲ್ಲಿಲ್ಲ. ಕಾನೂನು ವಿಭಾಗದವರು ಬಂದರು. ಆಫೀಸಿನದಾದರೆ ಅದನ್ನು ಹಂಚಲು ನನಗೆ ಹಕ್ಕಿಲ್ಲ. ನನ್ನದಾದರೆ, ನೌಕರನಾಗಿ ನಾನೇ ಕೇಳಿ ನಾನೇ ಅನುಮತಿ ಕೊಡುವ ಹಾಗಿಲ್ಲ. ಗಂಟೆಗಟ್ಟಲೆ ಚರ್ಚಿಸಿ, ಅದನ್ನು ತೆಗೆದುಹಾಕಿ ಹೊಸದಾಗಿ ಬರೆಸುವುದೆಂದು ತೀರ್ಮಾನಿಸಿದರು. ಈ ವಿಷಯ ತಿಳಿದವರು ಬೇರೆ ಯಾರೂ ಇಲ್ಲವಾದ್ದರಿಂದ ಬರೆಯುವ ಕೆಲಸ ನನಗೇ ಬಂತು.

"ಒಂದೇ ಷರತ್ತು," ಎಂದರು ಚೇಚಿ. "ನಕಲು ಅನ್ನಿಸಬಾರದು, ಹಳೆಯದನ್ನು ನೋಡಬೇಡ. ನೆನಪೂ ಮಾಡಿಕೊಳ್ಳಬೇಡ."

ಸಂಜೆಯಿಂದ ಖಾಲಿ ಫೈಲ್ ತೆರೆದು ಕೂತಿದ್ದೇನೆ. ಒಂದು ಸಾಲು ಬರೆದು ಅಳಿಸಿದೆ. ಚೆನ್ನಾಗಿಯೇ ಇತ್ತು, ಆದರೆ ಯಾರದನ್ನೋ ಕದ್ದ ಹಾಗನ್ನಿಸಿತು.