ನಾಳೆ ಮಾಸ್ಟರು ಹೊತ್ತಿಗೆ ಮುಂಚೆ ಬಂದ ದಿನ

ಬಟ್ಟೆ ಹೊಲಿಯುವ ಆ ಮಾಸ್ಟರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಅಂಗಡಿಯ ಬೋರ್ಡಿನ ಮೇಲೆ ಬಿಸಿಲಿಗೆ ಮಾಸಿ, ಅಲ್ಲಿಗೇ ಮುಗಿಯಿತು. ಬೀದಿಯವರ ಬಾಯಲ್ಲಿ ಅವನು ನಾಳೆ ಮಾಸ್ಟರು. ಬುಧವಾರ ಕೊಡುತ್ತೇನೆ ಎಂದ ಅಂಗಿ ಬುಧವಾರ ಹೋಗಿ ನೋಡಿದರೆ ಇನ್ನೂ ಕತ್ತರಿಯ ಮುಖ ಕಂಡಿರುತ್ತಿರಲಿಲ್ಲ. "ಆಗೇ ಹೋಯ್ತು, ಒಂದು ಗುಂಡಿಯ ಕಾಜಾ ಅಷ್ಟೇ. ನಾಳೆ ಬನ್ನಿ" ಎಂದು ತಲೆಯೆತ್ತದೆ ಹೇಳುತ್ತಿದ್ದ. ಅವನನ್ನು ಬಲ್ಲ ಗಿರಾಕಿಗಳು ಅವನು ಹೇಳಿದ ದಿನಕ್ಕೆ ಇನ್ನೂ ಮೂರು ದಿನ ಸೇರಿಸಿಕೊಂಡೇ ಬರುತ್ತಿದ್ದರು. ಅಲೆದು ಅಲೆದು ಸೋತು ಬಿಟ್ಟುಹೋದವರ ಬಟ್ಟೆಗಳಿಗೆಂದೇ ಒಂದು ಬೀರು ಮೀಸಲಾಗಿತ್ತು.

ಸೋಮಾರಿ ಎನ್ನುವಂತೆಯೂ ಇಲ್ಲ. ಎಂಟು ಅಡಿ ಅಗಲದ ಕೋಣೆ, ಬೀದಿಗೆ ಮುಖ ಮಾಡಿದ ಮಷೀನು, ಹಿಂದೆ ಒಂದು ಪರದೆ, ಪರದೆಯ ಆಚೆ ಮಂಚ ಮತ್ತು ಒಲೆ. ಬೆಳಗಾದರೆ ಮಂಚದಿಂದ ಮಷೀನಿಗೆ, ಕತ್ತಲಾದರೆ ಮಷೀನಿನಿಂದ ಮಂಚಕ್ಕೆ. ಮೂವತ್ತು ವರ್ಷ ಕಾಲು ತುಳಿದದ್ದೇ ತುಳಿದದ್ದು, ಹೊಸಿಲು ದಾಟಿದ್ದು ಮಾತ್ರ ಕಡಿಮೆ. ಅವನ ತೊಂದರೆ ಒಂದೇ. ಯಾರು ಬಂದು ಬೇಡಿದರೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರಿಗೂ ಹೂಂ ಎಂದ ಮೇಲೆ ಎಲ್ಲರಿಗೂ ನಾಳೆ ಎನ್ನಲೇಬೇಕಲ್ಲ. ಮದುವೆಯ ಮಾತೂ ಹಾಗೆಯೇ ನಾಳೆ, ನಾಡಿದ್ದು ಎಂದು ಜಾರಿ ಜಾರಿ ತಲೆ ನರೆಯಿತು.

"ನಾಳೆ ಅಂದವನ ಮನೆ ಹಾಳು ಕಣೋ" ಎಂದು ತಾಯಿ ಬೈಯುತ್ತಿದ್ದಳು. ಬೈಯುತ್ತಲೇ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದಳು.

ಆ ತಾಯಿ ಕೊನೆಗೆ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಳು. ಅಕ್ಕನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು, ಎರಡು ಬಸ್ಸು ಹತ್ತಬೇಕು. ಅಕ್ಕ ಫೋನು ಮಾಡಿ, "ಅಮ್ಮ ನಿನ್ನನ್ನೇ ಕೇಳ್ತಿದ್ದಾಳೆ, ಬಾರೋ" ಎಂದಳು. ಶಾಲೆ ಶುರುವಾಗುವ ವಾರ ಅದು. ಅರವತ್ತು ಮಕ್ಕಳ ಸಮವಸ್ತ್ರ ಮಷೀನಿನ ಪಕ್ಕ ಎದೆಯುದ್ದ ಬಿದ್ದಿತ್ತು. "ನಾಳೆ ಬರ್ತೀನಿ ಅಕ್ಕ" ಎಂದ. ಮಾರನೆಯ ದಿನವೂ ಅದನ್ನೇ ಅಂದ, ಅದರ ಮಾರನೆಯ ದಿನವೂ ಅದನ್ನೇ. ನಾಲ್ಕನೆಯ ದಿನ ಹೋದಾಗ ಅಕ್ಕನ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅವನಿಗೆ ಅಲ್ಲೇ ತಿಳಿಯಿತು. ಒಳಗೆ ತಾಯಿಯ ಮಂಚವನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ ಇಟ್ಟಿದ್ದರು. ಯಾಕೆಂದು ಅವನೂ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಅಂದಿನಿಂದ ಆರು ವರ್ಷ ಅವರಿಬ್ಬರ ನಡುವೆ ಮಾತಿಲ್ಲ.

ಹೀಗಿರುವಾಗ ಓಟದ ಸಂಘದವರು ನಲವತ್ತು ಬನಿಯನ್ನು ತಂದು ಹಾಕಿದರು. ಒಂದೊಂದರ ತೋಳೂ ಚಿಕ್ಕದು ಮಾಡಬೇಕು. ಸಂಘದ ಕಾರ್ಯದರ್ಶಿ ಒಂದು ಕಾಗದವನ್ನೂ ಅಂಗಡಿಯ ಗೋಡೆಗೆ ಅಂಟಿಸಿ ಹೋದ. ಬರುವ ವರ್ಷ ನಲವತ್ತೆರಡು ಕಿಲೋಮೀಟರಿನ ಓಟ, ಬೆಳಿಗ್ಗೆ ಐದಕ್ಕೆ ಶುರು, ಓಟ ಮುಗಿಯುವ ದೊಡ್ಡ ಮೈದಾನದ ಗೇಟು ಹನ್ನೊಂದಕ್ಕೆ ಮುಚ್ಚುತ್ತದೆ.

ಹೇಳಿದ ದಿನಕ್ಕೆ ಎರಡು ದಿನ ತಡವಾಗಿ ಬನಿಯನ್ನು ಕೊಡುವಾಗ ಮಾಸ್ಟರು ಕೇಳಿದ, "ಅಲ್ಲಾ, ಹನ್ನೊಂದೂ ಕಾಲಿಗೆ ಬಂದ್ರೆ?"

"ಬಂದ ಹಾಗೆ ಲೆಕ್ಕ ಇಲ್ಲ."

"ಒಂದೇ ನಿಮಿಷ ತಡ ಆದ್ರೆ?"

"ಅದೇನು ನಿಮ್ಮ ಅಂಗಡಿ ಅಂದ್ಕೊಂಡ್ರಾ ಮಾಸ್ಟರ್?" ಎಂದು ಕಾರ್ಯದರ್ಶಿ ನಕ್ಕ.

ಮಾಸ್ಟರೂ ನಕ್ಕ. ಆದರೆ ಆ ಮಾತು ಮುರಿದ ಸೂಜಿಯ ಮೊನೆಯ ಹಾಗೆ ಒಳಗೇ ಉಳಿಯಿತು. ನಲವತ್ತರಲ್ಲಿ ಒಂದು ಬನಿಯನ್ನು ಅಂಗಡಿಯಲ್ಲೇ ಉಳಿಯಿತು. ಅದರ ಯಜಮಾನ ಕಾದು ಸಾಕಾಗಿ ಬೇರೆ ಕೊಂಡುಕೊಂಡಿದ್ದನಂತೆ. ಹಸಿರು ಬಣ್ಣ, ಎದೆಯ ಅಳತೆ ನಲವತ್ತು. ಮಾಸ್ಟರಿಗೆ ಸರಿಯಾಗಿ ಕೂತಿತು. ಹುಟ್ಟಿದಂದಿನಿಂದ ಒಂದು ಕೆಲಸವನ್ನೂ ಹೇಳಿದ ಹೊತ್ತಿಗೆ ಮುಗಿಸಿದವನಲ್ಲ. ಇದೊಂದನ್ನು ಮುಗಿಸಿ ನೋಡಬೇಕು, ಮುಗಿಸಿದ್ದನ್ನು ಅಕ್ಕ ಕಣ್ಣಾರೆ ನೋಡಬೇಕು ಎಂದು ಮನಸ್ಸಿಗೆ ಬಂತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಬಂದ ಆಸೆ. ಅದನ್ನು ಹೇಳಿಕೊಳ್ಳಲು ಪರದೆಯ ಈಚೆ ಯಾರೂ ಇರಲಿಲ್ಲ, ಆಚೆಯೂ ಇರಲಿಲ್ಲ.

ಬೀದಿಯ ಕೊನೆಗೆ ಶಾಲೆಯ ಮೈದಾನ. ಒಂದು ಭಾನುವಾರ ಹೋಗಿ, ಕೊರಳಲ್ಲಿ ಸದಾ ನೇತಾಡುವ ಬಟ್ಟೆಯ ಟೇಪಿನಿಂದಲೇ ಅದರ ಸುತ್ತಳತೆ ತೆಗೆದ. ಟೇಪು ಐದೇ ಅಡಿ. ಒಂದು ತುದಿಯ ಮೇಲೆ ಕಲ್ಲಿಟ್ಟು, ಇನ್ನೊಂದು ತುದಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಹಿಂದೆ ಬಂದು ಕಲ್ಲನ್ನೆತ್ತಿ ಮುಂದೆ ಹೋಗಿ ಕೂರುವುದು. ಇನ್ನೂರ ಅರವತ್ತೆರಡೂವರೆ ಸಲ ಹೀಗೆ ಕುಕ್ಕರಗಾಲಲ್ಲಿ ಕೂತು ಎದ್ದ. ಮೈದಾನದ ಕಾವಲುಗಾರ ನೋಡುವಷ್ಟು ನೋಡಿ, "ಏನ್ ಮಾಸ್ಟರ್, ಭೂಮಿ ತಾಯಿಗೆ ರವಿಕೆ ಹೊಲೀತೀರಾ?" ಎಂದ.

"ಹೂಂ, ನಾಳೆ ಕೊಡ್ತೀನಿ" ಎಂದ ಮಾಸ್ಟರು.

ಒಂದು ಸುತ್ತಿಗೆ ನಾನೂರು ಮೀಟರು ಎಂದು ಲೆಕ್ಕ ಬಂತು. ಇಡೀ ಓಟಕ್ಕೆ ನೂರಾ ಐದೂವರೆ ಸುತ್ತು. ಲೆಕ್ಕ ತಪ್ಪದಿರಲಿ ಎಂದು ಬಲ ಜೇಬಿಗೆ ಗುಂಡಿಗಳನ್ನು ತುಂಬಿಕೊಂಡು, ಸುತ್ತಿಗೊಂದರಂತೆ ಎಡ ಜೇಬಿಗೆ ಹಾಕುತ್ತ ಓಡಿದ. ಮೊದಲ ದಿನ ನಾಲ್ಕು ಗುಂಡಿಗೇ ಏದುಸಿರು ಬಂದು, ಗೋಡೆ ಹಿಡಿದು ನಿಂತ. ತಿಂಗಳಿಗೆ ಇಪ್ಪತ್ತಾಯಿತು. ಆರು ತಿಂಗಳಿಗೆ ಅರವತ್ತು. ಬೀದಿಯವರಿಗೆ ನಗುವುದಕ್ಕೊಂದು ದಾರಿಯಾಯಿತು.

"ಗಿರಾಕಿ ಕಂಡ್ರೆ ಕಾಲಿಗೆ ಬುದ್ಧಿ ಹೇಳೋಕೆ ಈಗಿಂದಲೇ ಅಭ್ಯಾಸವಾ?" ಎಂದು ಎದುರಿನ ಔಷಧಿ ಅಂಗಡಿಯವಳು ಕೂಗುತ್ತಿದ್ದಳು. ಹಾಗೆ ಕೂಗುವಾಗ ಮಾತ್ರ ಅವನ ಮುಖ ಅರಳುತ್ತಿತ್ತು. ಇಡೀ ದಿನದಲ್ಲಿ ಬಟ್ಟೆಯ ವಿಷಯ ಬಿಟ್ಟು ಅವನ ಕಿವಿಗೆ ಬೀಳುತ್ತಿದ್ದ ಮಾತು ಅದೊಂದೇ.

ಓಟಕ್ಕೆ ಒಂದು ತಿಂಗಳಿರುವಾಗ ನೂರಾ ಐದೂವರೆ ಸುತ್ತನ್ನೂ ಓಡಿ ನೋಡಿದ. ಹಾಗೆಲ್ಲ ಮುಂಚಿತವಾಗಿ ಪೂರ್ತಿ ಓಡಬಾರದು ಎಂದು ಹೇಳಿಕೊಡುವವರು ಯಾರಿದ್ದರು? ಕೊನೆಯ ಗುಂಡಿ ಎಡ ಜೇಬಿಗೆ ಬಿದ್ದಾಗ ಗಡಿಯಾರ ನೋಡಿದ. ಆರು ಗಂಟೆ, ಐದು ನಿಮಿಷ. ಅಂದರೆ ಗೇಟು ಮುಚ್ಚಿ ಐದು ನಿಮಿಷ. ಮೈದಾನದ ನಡುವೆ ಕೂತು, ಇಲ್ಲಿಯೂ ನಾನು ನಾಳೆ ಮಾಸ್ಟರೇ ಆದೆನಲ್ಲ ಎಂದುಕೊಂಡ.

ಆದರೂ ಹೆಸರು ಬರೆಸಲು ಹೋದ. ಅರ್ಜಿಯ ಕೊನೆಯಲ್ಲಿ ಒಂದು ಸಾಲು: ಏನಾದರೂ ಆದರೆ ಯಾರಿಗೆ ತಿಳಿಸಬೇಕು. ಮಾಸ್ಟರು ಯೋಚಿಸಿ ಯೋಚಿಸಿ ತನ್ನ ಅಂಗಡಿಯ ನಂಬರನ್ನೇ ಬರೆದ.

ಅರ್ಜಿ ತೆಗೆದುಕೊಳ್ಳುವ ಹುಡುಗಿ ಕನ್ನಡಕದ ಮೇಲಿಂದ ನೋಡಿದಳು. "ಇದು ಯಾರ ನಂಬರು ಅಂಕಲ್?"

"ನಂದೇ."

"ಬೀಳೋರೂ ನೀವೇ, ಫೋನ್ ಎತ್ತೋರೂ ನೀವೇನಾ? ಮನೇಲಿ ಯಾರೂ ಇಲ್ವಾ?"

ಇಲ್ಲ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಅಕ್ಕ ಇದ್ದಾಳೆ" ಎಂದ. ಆರು ವರ್ಷದಿಂದ ಒತ್ತದ ನಂಬರು ಬೆರಳಿಗೆ ಮರೆತಿರಲಿಲ್ಲ. ಕೇಳದೆ ಬರೆಯುವುದು ಸರಿಯಲ್ಲ ಎಂದು ಹೊರಗಿನ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದ.

"ಯಾರು?"

"ನಾನು, ಅಕ್ಕ."

ಇವನು ಓಟದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನಿನ್ನ ನಂಬರು ಬರೆಯಲೇ ಎಂದ.

"ಬರ್ಕೋ. ಬಿದ್ರೆ ತಾನೇ ಅವರು ಫೋನ್ ಮಾಡೋದು" ಎಂದಳು ಅಕ್ಕ.

"ಬೀಳದಿದ್ರೂ ನೀನು ಬಾರಕ್ಕ. ದೊಡ್ಡ ಮೈದಾನದ ಗೇಟು. ಭಾನುವಾರ ಹನ್ನೊಂದಕ್ಕೆ ನಾನಲ್ಲಿ ಇರ್ತೀನಿ."

"ಹನ್ನೊಂದಕ್ಕಾ?" ಅಕ್ಕ ನಕ್ಕದ್ದೋ ಕೆಮ್ಮಿದ್ದೋ ತಿಳಿಯಲಿಲ್ಲ. "ನೀನು ಹೇಳಿದ ಹೊತ್ತಿಗೆ ಯಾವತ್ತು ಬಂದಿದ್ದೀಯೋ?" ಎಂದು ಫೋನು ಇಟ್ಟಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಆ ಭಾನುವಾರ ನಸುಕಿಗೆ ಸಾವಿರಾರು ಜನ ಸೇರಿದ್ದರು. ಒಬ್ಬೊಬ್ಬರ ಜೊತೆಗೂ ಒಬ್ಬರು. ಹೆಂಡತಿ ಗಂಡನ ಬೂಟಿನ ದಾರ ಬಿಗಿಯುತ್ತಿದ್ದಳು, ಗೆಳೆಯರು ಒಬ್ಬರ ಬೆನ್ನಿಗೊಬ್ಬರು ನಂಬರಿನ ಚೀಟಿ ಚುಚ್ಚುತ್ತಿದ್ದರು. ಮಾಸ್ಟರು ಮಾತ್ರ ಹಿಂದಿನ ದಿನವೇ ತನ್ನ ಚೀಟಿಯನ್ನು ಬನಿಯನ್ನಿಗೆ ನಾಲ್ಕೂ ಕಡೆ ಹೊಲಿದುಕೊಂಡು ಬಂದಿದ್ದ. ಹೊಲಿದರೆ ಯಾರ ಕೈಯೂ ಬೇಕಾಗುವುದಿಲ್ಲ. ಟೇಪು ಕೊರಳಲ್ಲೇ ಇತ್ತು. ಅದಿಲ್ಲದೆ ಕೊರಳು ಬೋಳು ಎನಿಸಿ ಬನಿಯನ್ನಿನ ಒಳಗೆ ತುರುಕಿಕೊಂಡಿದ್ದ.

ಓಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಮುಂದೆ ಹೋದರು. ಬೀದಿ ದೀಪಗಳು ಆರಿದವು. ಮೈದಾನದಲ್ಲಿ ಸುತ್ತಿ ಸುತ್ತಿ ರೂಢಿಯಾದ ಕಾಲಿಗೆ ನೇರ ರಸ್ತೆ ಯಾಕೋ ಮುಗಿಯದ ಬಟ್ಟೆಯ ಥಾನಿನಂತೆ ಕಂಡಿತು. ಆದರೂ ಒಂದು ವಿಚಿತ್ರ ನಡೆಯುತ್ತಿತ್ತು. ಕಿಲೋಮೀಟರಿನ ಫಲಕಗಳು ಅವನ ಕಾಲು ಎಣಿಸಿದ್ದಕ್ಕಿಂತ ಮುಂಚೆ ಮುಂಚೆ ಬರುತ್ತಿದ್ದವು. ಹತ್ತು ಎಂದು ಬರೆದಿದ್ದಲ್ಲಿ ಕಾಲು ಇನ್ನೂ ಹತ್ತಾಗಿಲ್ಲ ಎನ್ನುತ್ತಿತ್ತು. ಇಪ್ಪತ್ತರಲ್ಲಿ ಅರ್ಧ ಕಿಲೋಮೀಟರೇ ವ್ಯತ್ಯಾಸ. ಯಾರೋ ಕೆಲಸಗಳ್ಳರು ಫಲಕವನ್ನು ಹೇಗೆಂದರೆ ಹಾಗೆ ನೆಟ್ಟಿದ್ದಾರೆ, ಕೊನೆಗೆ ಮೋಸವಾಗುವುದು ನನಗೇ ಎಂದು ಹೆದರಿ ಹೆದರಿ ಓಡಿದ.

ಮೂವತ್ತಮೂರರ ಹತ್ತಿರ ಬಲ ಮೀನಖಂಡ ಹಗ್ಗದಂತೆ ಹುರಿಗೊಂಡಿತು. ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. ಔಷಧಿಯ ಪೆಟ್ಟಿಗೆ ಹಿಡಿದ ನರ್ಸು ಓಡಿ ಬಂದು, "ಸಾಕು ಮಾಡ್ತೀರಾ? ಮನೆಯವರಿಗೆ ಫೋನ್ ಮಾಡ್ಲಾ?" ಎಂದಳು.

"ಬೇಡಮ್ಮ, ಮಾಡ್ಬೇಡ! ಬಿದ್ದಿಲ್ಲ ನಾನು. ಕೂತಿದ್ದೀನಿ ಅಷ್ಟೇ" ಎಂದು ಗಾಬರಿಯಿಂದ ಎದ್ದೇ ಬಿಟ್ಟ. ಬಿದ್ದನಂತೆ ಎಂಬ ಸುದ್ದಿ ಅಕ್ಕನಿಗೆ ಮುಟ್ಟುವುದಕ್ಕಿಂತ ಕಾಲು ಹೋದರೂ ಚಿಂತೆಯಿರಲಿಲ್ಲ. ಅಲ್ಲಿಂದ ಮುಂದೆ ಬಲಗಾಲನ್ನು ಎಳೆಯುತ್ತ, ಮಷೀನು ತುಳಿದ ಹಾಗೆ ಒಂದೇ ಲಯದಲ್ಲಿ ಓಡಿದ. ಅರವತ್ತು ಸಮವಸ್ತ್ರ. ಇದೊಂದು ಹೊಲಿಗೆ, ಇದೊಂದು ಹೊಲಿಗೆ.

ಗೇಟು ದಾಟಿ ತಲೆಯೆತ್ತಿದಾಗ ದೊಡ್ಡ ಗಡಿಯಾರದಲ್ಲಿ ಹತ್ತು ಗಂಟೆ ಐವತ್ತೊಂದು ನಿಮಿಷ.

ಯಾರೋ ಕೊರಳಿಗೆ ಪದಕ ಹಾಕಿದರು, ಯಾರೋ ನೀರು ಕೊಟ್ಟರು. ಮಾಸ್ಟರು ಬೇಲಿಯ ಆಚೆ ನಿಂತವರಲ್ಲಿ ಅಕ್ಕನನ್ನು ಹುಡುಕಿದ. ಅವನು ಮನುಷ್ಯರನ್ನು ಮುಖದಿಂದ ಗುರುತಿಸುವವನಲ್ಲ, ಭುಜದಿಂದ. ಅಕ್ಕನ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ. ಅಂಥ ಭುಜ ಅಲ್ಲಿರಲಿಲ್ಲ. ಇನ್ನೂ ಹನ್ನೊಂದಾಗಿಲ್ಲವಲ್ಲ ಎಂದು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತ.

ಹನ್ನೊಂದಾಯಿತು. ಗೇಟು ಮುಚ್ಚಿದರು. ಹನ್ನೊಂದೂವರೆಗೆ ಜನ ಕರಗಿದರು. ಕೆಲಸದವರು ಬಂದು ಕಮಾನು ಬಿಚ್ಚಿದರು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದರು. ಅವರಲ್ಲೊಬ್ಬ ಬಡಗಿ ಮರದ ಪಟ್ಟಿಗಳನ್ನು ಅಳೆದು ಜೋಡಿಸುತ್ತಿದ್ದ. ಅವನ ಉಕ್ಕಿನ ಟೇಪು ನೋಡಿ ಮಾಸ್ಟರಿಗೆ ಏನೋ ಹೊಳೆಯಿತು. ಇಸಿದುಕೊಂಡು, ತನ್ನ ಟೇಪನ್ನು ಅದರ ಪಕ್ಕ ಬೆಂಚಿನ ಮೇಲೆ ಉದ್ದಕ್ಕೆ ಹಾಸಿದ. ತನ್ನ ಅರವತ್ತು ಇಂಚು ಉಕ್ಕಿನಲ್ಲಿ ಅರವತ್ತೊಂದೂವರೆ.

"ಎಷ್ಟು ವರ್ಷದ ಟೇಪು ಯಜಮಾನ್ರೇ? ಹಿಗ್ಗಿ ಹೋಗಿದೆಯಲ್ಲ" ಎಂದ ಬಡಗಿ. "ಇದರಲ್ಲಿ ಹೊಲಿದ ಬಟ್ಟೆ ಯಾರಿಗೂ ದೊಗಳೆ ಆಗ್ಲಿಲ್ವಾ?"

ಹೇಗೆ ಆಗಬೇಕು? ಮೈ ಅಳೆದದ್ದೂ ಅದೇ ಟೇಪು, ಬಟ್ಟೆ ಅಳೆದದ್ದೂ ಅದೇ ಟೇಪು. ಅಂಗಡಿಯೊಳಗೆ ಕೂತಿರುವವರೆಗೆ ತಪ್ಪು ಯಾರಿಗೂ ಕಾಣುವಂತೆಯೇ ಇರಲಿಲ್ಲ. ಹೊರಗೆ ಬಂದು ಶಾಲೆಯ ಮೈದಾನಕ್ಕೆ ಹಿಡಿದಾಗ ಸುತ್ತಿಗೆ ಹತ್ತು ಮೀಟರು ಹೆಚ್ಚು ಓಡಿಸಿತ್ತು. ಫಲಕಗಳು ಮುಂಚೆ ಮುಂಚೆ ಬಂದದ್ದು ಅದಕ್ಕೇ. ಮಾಸ್ಟರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಇದನ್ನು ಅಕ್ಕನಿಗೆ ಹೇಳಿದರೆ ನಗುತ್ತಾಳೆ ಎನಿಸಿತು. ಬಂದರೆ ತಾನೆ.

ಹನ್ನೆರಡಾಯಿತು. ಬೆವರು ಆರಿ ಮೈಮೇಲೆ ಉಪ್ಪಾಯಿತು, ಕಾಲು ಮರಗಟ್ಟಿತು. ಒಂದೊಂದು ಬಸ್ಸು ನಿಂತಾಗಲೂ ಇಳಿಯುವವರ ಭುಜ ನೋಡಿದ. ಪ್ರತಿ ಸಲವೂ ಎದೆ ಒಂದು ಸಲ ಮೇಲೆದ್ದು ಕೂರುತ್ತಿತ್ತು. ಮೂವತ್ತು ವರ್ಷ ಊರಿಗೆ ಊರನ್ನೇ ಕಾಯಿಸಿದವನಿಗೆ ಕಾಯುವುದೆಂದರೆ ಹೀಗೆ ಎಂದು ಗೊತ್ತೇ ಇರಲಿಲ್ಲ. ಕಾಯುವವರು ಸುಮ್ಮನೆ ಕೂತಿರುವುದಿಲ್ಲ. ಅವರು ಬಾಗಿಲು ನೋಡುವ ಕೆಲಸ ಮಾಡುತ್ತಿರುತ್ತಾರೆ.

ಒಂದು ಗಂಟೆಗೆ ಐದು ನಿಮಿಷವಿರುವಾಗ ಆ ಭುಜ ಬಸ್ಸಿನಿಂದ ಇಳಿಯಿತು. ಈಗ ಅರ್ಧವಲ್ಲ, ಒಂದಿಂಚು ಇಳಿದಿತ್ತು. ಕೂದಲು ಪೂರಾ ಬಿಳಿ. ಅಕ್ಕ ಖಾಲಿ ಮೈದಾನವನ್ನೂ ಅವನನ್ನೂ ನೋಡಿ ನಿಂತಳು.

"ಇಷ್ಟು ಬೇಗ ಬಂದ್ಬಿಟ್ಯಾ? ನೀನು ಹನ್ನೊಂದು ಅಂದ್ರೆ ಒಂದೂವರೆ ಅಂತ ಲೆಕ್ಕ ಹಾಕ್ಕೊಂಡು ಹೊರಟೆ" ಎಂದಳು.

"ಹನ್ನೊಂದಕ್ಕೆ ಮುಂಚೆಯೇ ಬಂದೆ ಅಕ್ಕ. ಒಂಬತ್ತು ನಿಮಿಷ ಮುಂಚೆ."

"ಅವಾಗಿಂದ ಇಲ್ಲೇ ಕೂತಿದ್ದೀಯಾ?"

"ಹೂಂ."

"ಎರಡು ಗಂಟೆ ಕಾದ್ಯಾ?"

"ಕಾದೆ."

ಅಕ್ಕ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಕೈಚೀಲವನ್ನು ನಡುವೆ ಇಟ್ಟಳು. ಆಮೇಲೆ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, "ಅಮ್ಮ ಮೂರು ದಿನ ಕಾದ್ಲು ಕಣೋ" ಎಂದಳು. "ಮಂಚ ತಿರುಗಿಸು ಅಂತ ಅವಳೇ ಹೇಳಿದ್ದು."

ಟೇಪಿನ ಕಥೆ ಜೇಬಿನಲ್ಲೇ ಉಳಿಯಿತು. ಅಕ್ಕ ಅವನ ಪದಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟಳು. ಎದೆಯ ಚೀಟಿಯ ಹೊಲಿಗೆಯ ಮೇಲೆ ಉಗುರು ಆಡಿಸಿ, "ಅಚ್ಚುಕಟ್ಟಾಗಿದೆ" ಎಂದಳು.

ಅವಳ ಬಸ್ಸು ಬಂತು. ಎದ್ದಳು. ಇವನಿಗೆ ಏಳಲು ಕಾಲು ಬರಲಿಲ್ಲ.

"ಒಂದಿನ ಮನೆ ಕಡೆ ಬರ್ತೀನಿ ಅಕ್ಕ. ಬರೋ ಬುಧವಾರ…"

"ಬಾ" ಎಂದಳು ಅಕ್ಕ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ಆದ್ರೆ ದಿನ ಹೇಳ್ಬೇಡ. ದಿನ ಹೇಳಿದ್ರೆ ನಾನು ಕಾಯ್ತೀನಿ."